ಹಾರ್ಮೋನಿಯಂನ ಹಠ

ಅಪ್ಪಾ,

ಇವತ್ತು ಮೀನು ಮಾರುಕಟ್ಟೆಯ ಛಾವಣಿಯಡಿ ನಮ್ಮ ಸಮುದ್ರದ ಹಾಡುಗಳ ಕಛೇರಿ ನಡೆಯಿತು. ಹಾಡಿದವರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. "ಇದು ಸಂತೆ, ಸಂಗೀತ ಅಲ್ಲ ಕಣೇ" ಅಂದಿದ್ದಿರಲ್ಲ, ಈ ಯೋಚನೆ ಮೊದಲು ಹೇಳಿದಾಗ? ಹೌದು, ಸಂತೆಯೇ.

ಶುರುವಿನಲ್ಲೇ ನೀವು ಬಿಟ್ಟುಹೋದ ಹಾರ್ಮೋನಿಯಂನ ಎಡತುದಿಯ ಕೀ ಸಿಕ್ಕಿಕೊಂಡು ಒಂದೇ ಸಮನೆ ಮೊರೆಯತೊಡಗಿತು. ನೀವಾಗಿದ್ದರೆ ಪಾಠ ನಿಲ್ಲಿಸಿ ನನ್ನ ಬೆರಳನ್ನು ಬಯ್ಯುತ್ತಿದ್ದಿರಿ. ನಾನು ತಿದಿ ಒತ್ತುತ್ತಲೇ ಇದ್ದೆ. ಬಲೆ ಹೆಣೆಯುವ ಅಜ್ಜಿ ಹಡಗಿನ ಕೂಗು ಕೇಳಿದವಳಂತೆ ತಲೆಯೆತ್ತಿ, ಆ ಸ್ವರದ ಮೇಲೇ ತನ್ನ ಹಾಡು ಎತ್ತಿದಳು. ಉಳಿದವರೆಲ್ಲ ತಂತಮ್ಮ ಭಾಷೆಯಲ್ಲಿ ಸೇರಿಕೊಂಡರು.

ಮುಗಿದ ಮೇಲೆ ಮೈಕಿನವನು, "ಅಕ್ಕಾ, ಇದನ್ನ ಬಿಚ್ಚಿ ಸರಿ ಮಾಡ್ಲಾ?" ಅಂದ.

"ಮುಟ್ಟಿದ್ರೆ ನೋಡು!" ಅಂದೆ.

ನೀವಿದ್ದಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದಿರಿ, ಗೊತ್ತು. ಎದ್ದು ಹೋಗುವುದಕ್ಕಾದರೂ ಬರಬೇಕಿತ್ತು.