ಅಟ್ಟಣಿಗೆ ತೆರೆದ ಭಾನುವಾರ

೧೪ ಅಕ್ಟೋಬರ್ ೧೯೩೪, ಭಾನುವಾರ ರಾತ್ರಿ

ಇವತ್ತು ಚರ್ಚಿನಲ್ಲಿ ಲೊರೆನ್ಸ್ ನನ್ನ ಪಕ್ಕದಲ್ಲಿ ಕೂರಲಿಲ್ಲ! ಇನ್ನು ಯಾವ ಭಾನುವಾರವೂ ಕೂರುವುದಿಲ್ಲ.

ಗಂಡಸರೆಲ್ಲ ಮತ್ತೆ ಮೇಲಿನ ಅಟ್ಟಣಿಗೆಗೆ, ಹೆಂಗಸರು ಕೆಳಗಿನ ಬೆಂಚಿಗೆ. ಲೂಥರ್ ಕಾಲದಿಂದ ಹೀಗೇ ಅನ್ನುತ್ತಾರೆ ಅತ್ತೆ. ನಮ್ಮ ಮದುವೆಯಾದಾಗ ಅಟ್ಟಣಿಗೆಗೆ ಮರ ಕೊರೆಯುವ ಕುಟ್ಟೆ ಹುಳು ಹಿಡಿದು ಬಾಗಿಲು ಹಾಕಿದ್ದರು. ಬೇಸಿಗೆಯಿಡೀ ಎಲ್ಲರೂ ಕೆಳಗೇ ಒತ್ತಿಕೊಂಡು ಕೂತೆವು. ಒಂದೇ ಹಾಡಿನ ಪುಸ್ತಕ, ಅದರ ಅಡಿಯಲ್ಲಿ ನಮ್ಮ ಕಿರುಬೆರಳುಗಳು. ಅಯ್ಯೋ, ಎಂಥ ಸುಖ! ಅದನ್ನು ಮುಗಿಸಿದವನು ಯಾರು? ಅಟ್ಟಣಿಗೆ ರಿಪೇರಿ ಮಾಡಿದ ಬಡಗಿ, ನನ್ನ ಗಂಡ ಲೊರೆನ್ಸನೇ! ಸ್ವಲ್ಪ ನಿಧಾನ ಮಾಡಬಾರದಿತ್ತೇ?

ತಲೆಯೆತ್ತಿ ಆಚೆ ಬದಿಯ ಅಟ್ಟಣಿಗೆಯಲ್ಲಿ ಅವನನ್ನು ನೋಡಿದೆ. ಮದುವೆಯಾದವರ ಮುಸುಕಿನ ಸೂಜಿ ಚುಚ್ಚಿತು. ಪಕ್ಕದಲ್ಲಿದ್ದ ಆಗ್ನೇಟಾ ದೊಡ್ಡಮ್ಮ ಬಿಡುತ್ತಾರೆಯೇ?

"ಏನೇ ಸೋಫಿಯಾ, ಪಾದ್ರಿ ಎದುರಿಗಿದ್ದಾರೆ, ನಿನ್ನ ಕಣ್ಣು ಎಲ್ಲಿದೆ?"

"ಹೊಸ ಕೆತ್ತನೆ ನೋಡ್ತಿದ್ದೆ, ದೊಡ್ಡಮ್ಮ."

"ಕೆತ್ತನೆಗೆ ಮೀಸೆ ಇದೆಯೇನೇ?"

ಹಿಂದಿನ ಬೆಂಚೆಲ್ಲ ಕಿಸಕ್ಕೆಂದಿತು. ಕ್ರೋನ್‌ಷ್ಟಾಟ್ ಪಟ್ಟಣದಲ್ಲಿ ಓದಿ ಬಂದವಳು ನಾನು, ಹಾಡಿನ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಕೂತೆ.

ಈಗ ಅವನು ಇಲ್ಲೇ ಗೊರಕೆ ಹೊಡೆಯುತ್ತಿದ್ದಾನೆ. ಪೂರ್ತಿ ಕೈ ನನ್ನದೇ. ಆದರೂ ನನಗೆ ಆ ಕದ್ದ ಕಿರುಬೆರಳೇ ಬೇಕು.

ಮುಸುಕು ಬಿಚ್ಚಿದಾಗ ಮಡಿಕೆಯಿಂದ ಒಂದು ಚಿಟಿಕೆ ಮರದ ಪುಡಿ ಉದುರಿತು. ನಾನು ಕೂತಿದ್ದು ಸರಿಯಾಗಿ ಈಚೆ ಬದಿಯ ಅಟ್ಟಣಿಗೆಯ ತೊಲೆಯ ಕೆಳಗೆ. ಇದು ಅವನ ಗರಗಸದ ಪುಡಿಯೋ, ಕುಟ್ಟೆ ಮತ್ತೆ ಶುರುಮಾಡಿದೆಯೋ? ಬೆಳಗಾಗುತ್ತಲೇ ಅವನಿಗೆ ತೋರಿಸಬೇಕು. ಪಾಪ, ಎಷ್ಟು ಕಷ್ಟಪಟ್ಟು ಮಾಡಿದ ಕೆಲಸ. ದೇವರೇ, ಕ್ಷಮಿಸು, ಕುಟ್ಟೆಯೇ ಆಗಿರಲಿ!