ಮೂರನೆಯ ಗಂಟೆಯ ಅಂಕಿಗಳು

ಅಜ್ಜಂಪುರ
15 ಜನವರಿ 1985, ಮಂಗಳವಾರ

ಪ್ರೀತಿಯ ಮಲ್ಲಿಕಾಂಬ,

ನಿನ್ನೆ ಸಂಕ್ರಾಂತಿ ಮುಗಿಯಿತು. ಅಮ್ಮ ಎಳ್ಳುಬೆಲ್ಲ ಕೊಡಲು ಬೀದಿಯ ಕೊನೆಯ ಮನೆಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಬರೆದು ಮುಗಿಸಬೇಕು. ಕಡೂರು ಇಲ್ಲಿಂದ ದೂರವಲ್ಲ. ನಿನ್ನ ಸ್ಕೂಲು ಬಿಡುವ ಹೊತ್ತಿಗೆ ಬಸ್ಸಿನಲ್ಲಿ ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ನೀನು ಮೊದಲು ಕಾಫಿ ಕೊಡುತ್ತೀ, ನಾನು ಕುಡಿದು, ಬೇರೆ ಏನೋ ಮಾತಾಡಿ ಎದ್ದು ಬರುತ್ತೇನೆ. ಆದ್ದರಿಂದ ಕಾಗದ.

ನನ್ನ ಕೆಲಸ ಏನೆಂದು ನೀನು ಎಷ್ಟೋ ಸಲ ಕೇಳಿದ್ದೀ, ನಾನು ಸರಿಯಾಗಿ ಹೇಳಿಯೇ ಇಲ್ಲ. ವಿಮಾನಗಳ ಓಡಾಟವನ್ನು ರೇಡಾರ್ ಪರದೆಯ ಮೇಲೆ ಕಾಯುವವರು ಇದ್ದಾರಲ್ಲ, ಅವರಿಗೆ ತಮ್ಮ ಎದುರಿಗಿರುವುದರ ಅರಿವು ಎಷ್ಟಿರುತ್ತದೆ, ಗಂಟೆ ಕಳೆದಂತೆ ಎಷ್ಟು ಉಳಿಯುತ್ತದೆ ಎಂದು ಅಳೆಯುವುದು. ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಒಂದು ನಕಲಿ ಪರದೆ ಕಟ್ಟಿದೆವು. ಅದರಲ್ಲಿ ಹತ್ತು ಹಸಿರು ಚುಕ್ಕೆ, ಒಂದೊಂದೂ ಒಂದು ವಿಮಾನ. ಕಾಯುವವನು ಮೂರು ಗಂಟೆ ನೋಡುತ್ತಾ ಕೂರುತ್ತಾನೆ. ನಾನು ಅವನ ಹಿಂದಿನ ಮೇಜಿನಲ್ಲಿ ಟಿಪ್ಪಣಿ ಬರೆಯುತ್ತಿರುತ್ತೇನೆ. ಅವನಿಗೆ ಗೊತ್ತಿಲ್ಲದ ಯಾವುದೋ ಗಳಿಗೆಯಲ್ಲಿ ಸ್ವಿಚ್ ಒತ್ತುತ್ತೇನೆ, ಪರದೆ ಕಪ್ಪಾಗುತ್ತದೆ. ಖಾಲಿ ನಕ್ಷೆ ಕೊಟ್ಟು, ಯಾವ ವಿಮಾನ ಎಲ್ಲಿತ್ತು, ಯಾವೆರಡು ಹತ್ತಿರ ಬರುತ್ತಿದ್ದವು, ಗುರುತು ಹಾಕಿ ಎನ್ನುತ್ತೇನೆ.

ಗೊತ್ತಿಲ್ಲದ ಗಳಿಗೆ ಎಂದೆನಲ್ಲ, ಪ್ರಯೋಗದ ಜೀವ ಇರುವುದೇ ಅದರಲ್ಲಿ. ಗಳಿಗೆಗಳನ್ನು ಚೀಟಿ ಎತ್ತಿ ಆರಿಸಿದೆ. ಸ್ವಿಚ್ಚು ಸದ್ದು ಮಾಡದಂತೆ ರಬ್ಬರ್ ಹಾಕಿಸಿದೆ. ಗಾಜಿನ ಬಳೆ ಬಿಚ್ಚಲು ಅಮ್ಮ ಬಿಡುವುದಿಲ್ಲ, ನಿನಗೆ ಗೊತ್ತು. ಕೈ ಚಾಚುವಾಗ ಅವು ಸದ್ದು ಮಾಡಿ ಸುಳಿವು ಕೊಟ್ಟಾವೆಂದು ಪ್ರತಿ ಸಲವೂ ಮೊದಲೇ ಮೊಳಕೈಯತ್ತ ಸರಿಸಿ ಬಿಗಿ ಮಾಡಿಕೊಳ್ಳುತ್ತಿದ್ದೆ. ಅಷ್ಟು ಎಚ್ಚರ.

ಹದಿನಾಲ್ಕು ಜನ, ಹದಿನೆಂಟು ತಿಂಗಳು. ಮೂರನೆಯ ಗಂಟೆಯಲ್ಲೂ ಹತ್ತಕ್ಕೆ ಒಂಬತ್ತು ಚುಕ್ಕೆ ಸರಿ. ನಮ್ಮ ಮುಖ್ಯಸ್ಥರಾದ ಶಿವಮೂರ್ತಪ್ಪನವರು ಈ ತಿಂಗಳ ಮೂವತ್ತೊಂದಕ್ಕೆ ನಿವೃತ್ತರಾಗುತ್ತಾರೆ. ಅಂಕಿಗಳನ್ನು ನೋಡಿ ಕನ್ನಡಕ ತೆಗೆದು, "ನನ್ನ ಇಡೀ ಸರ್ವೀಸಲ್ಲಿ ಇಷ್ಟು ಚೊಕ್ಕ ಕೆಲಸ ನೋಡಿಲ್ಲ ಕಣಮ್ಮ. ಇದನ್ನ ಮೇಲಕ್ಕೆ ಕಳಿಸಿಯೇ ನಾನು ಮನೆಗೆ ಹೋಗೋದು" ಎಂದರು. ಪರದೆಯ ಮುಂದೆ ಒಂದೇ ಸಮನೆ ಕೂರುವ ಸರದಿಯನ್ನು ಎರಡು ಗಂಟೆಯಿಂದ ಮೂರಕ್ಕೆ ಏರಿಸಬಹುದು ಎಂಬುದು ವರದಿಯ ಕೊನೆಯ ಸಾಲು. ಅದರ ಕೆಳಗೆ ನನ್ನ ರುಜು.

ಮೊನ್ನೆ ಊರಿಗೆ ಬರುವಾಗ ಬೀರೂರಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರಂನಲ್ಲಿ ಬೀರಯ್ಯ ಸಿಕ್ಕ. ಆ ಹದಿನಾಲ್ವರಲ್ಲಿ ಒಬ್ಬ, ಯಗಟಿಯವನು. ತರೀಕೆರೆಯ ಅತ್ತೆಮನೆಗೆ ಹಬ್ಬಕ್ಕೆ ಹೊರಟಿದ್ದ. ಬೆಂಗಳೂರಿನಲ್ಲಿ ಇಂಗ್ಲಿಷ್ ಬಿಟ್ಟು ಮಾತಾಡದವನು ಬೀರೂರಿನ ನೆಲ ಮುಟ್ಟಿದ್ದೇ ತಡ, ಊರ ಮಾತಿಗೆ ಇಳಿದಿದ್ದ.

"ಮೇಡಮ್ಮೋರೇ, ಒಂದ್ ಮಾತು ಕೇಳ್ತೀನಿ, ಬೈಬಾರ್ದು. ನೀವು ಪರೀಕ್ಷೆ ಮಾಡಿದ್ದು ನಮ್ ಕಣ್ಣಿಗೋ, ಕಿವಿಗೋ?"

ಏನಪ್ಪಾ ಹಾಗಂದರೆ ಎಂದೆ.

"ನೀವು ಬರೀತಾ ಇರೋಗಂಟ ಬಳೆ ಗಲಗಲ ಅಂತಿರ್ತವೆ. ಸದ್ದು ನಿಂತೋಯ್ತಾ, ಇನ್ನೇನು ಪರದೆ ಕಪ್ಪಾಗುತ್ತೆ ಅಂತಲೇ. ತಕ್ಷಣ ಎಲ್ಲಾ ಚುಕ್ಕೇನೂ ಒಂದ್ಸಲ ನೋಡ್ಕಂಬುಡ್ತಿದ್ದೆ. ನಾನೊಬ್ನೇ ಅಲ್ಲ ಕಣ್ರೀ, ಎಲ್ರೂ!"

ಅವನು ನಕ್ಕ. ನಾನೂ ನಕ್ಕೆ. ಬಳೆ ಇಲ್ಲದಿದ್ದರೆ ಎಂದು ಆಮೇಲೆ ಕೇಳಿದೆ. ಕೈಯಲ್ಲಿದ್ದ ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟ.

"ಮೂರನೇ ಗಂಟೇಲಿ ಚುಕ್ಕೆ ನೋಡ್ತಾನೇ ಇರ್ತೀನಿ, ನೋಡಿದ್ದು ತಲೆಗೆ ಇಳಿಯಲ್ಲ. ಅಲ್ಲಿ ಡ್ಯೂಟೀಲಿ ಬಳೆ ಹಾಕ್ಕಂಡು ಯಾರು ಕುಂತಿರ್ತಾರೆ, ಹೇಳಿ."

ಮಲ್ಲಿಕಾ, ಬೇರೆ ಯಾರಿಗಾದರೂ ಇದು ಹೊಳೆಯದಿದ್ದರೆ ಕ್ಷಮೆಯಿತ್ತು. ನನಗೆ ಹೊಳೆಯಬೇಕಿತ್ತು. ನಿಮ್ಮ ಹಳೆಯ ಮನೆಯಲ್ಲಿ ನಿಮ್ಮಮ್ಮ ತೀರ್ಥಮ್ಮನವರು ಅಡುಗೆಮನೆಯಲ್ಲಿದ್ದರೆ ಅವರ ಬಳೆಯ ಸದ್ದು ಉಗ್ರಾಣದವರೆಗೆ ಕೇಳುತ್ತಿತ್ತು. ಅದು ಕೇಳುವಷ್ಟು ಹೊತ್ತು ನಾವು ಕೊಬ್ಬರಿ ಚೀಲದ ಮೇಲೆ ಕೂತು ಬೆಲ್ಲ ಕಚ್ಚುತ್ತಿದ್ದೆವು. ನಮ್ಮನ್ನು ಹಿಡಿಯಲು ಬರುವಾಗ ಅವರು ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ನೀನು ನನ್ನ ಲಂಗ ಜಗ್ಗುತ್ತಿದ್ದೆ: "ಲೇ ಪಂಕಜಾ, ನಿಂತೋಯ್ತು, ಏಳೇ!" ಖಾಲಿ ಉಗ್ರಾಣದಲ್ಲಿ ನಿಂತು ಅವರು, "ಈ ಕಳ್ಳಬೆಕ್ಕುಗಳಿಗೆ ನಾನು ಬತ್ತೀನಿ ಅಂತ ಯಾರು ಹೇಳ್ತಾರೋ" ಎಂದು ಗೋಡೆಗೆ ಹೇಳುತ್ತಿದ್ದುದು ಹಿತ್ತಿಲ ನುಗ್ಗೆಮರದ ಹಿಂದಿದ್ದ ನಮಗೆ ಕೇಳುತ್ತಿತ್ತು. ನಿನ್ನ ಕೆನ್ನೆಗೆ ಬೆಲ್ಲ ಅಂಟಿರುತ್ತಿತ್ತು. ಅಷ್ಟು ಸುಖವಾಗಿ ನಾನು ಮತ್ತೆಂದೂ ಹೆದರಿಲ್ಲ.

ಈಗಿನ ಹೆದರಿಕೆ ಬೇರೆ. ಹೇಳಿದರೆ ಹದಿನೆಂಟು ತಿಂಗಳ ಕಾಗದವೆಲ್ಲ ರದ್ದಿಗೆ. ಶಿವಮೂರ್ತಪ್ಪನವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ನನ್ನ ಕೈಗೆ ಇನ್ನೊಂದು ಪ್ರಯೋಗವನ್ನು ಯಾರಾದರೂ ಕೊಡುತ್ತಾರೋ ಇಲ್ಲವೋ. ಹೇಳದಿದ್ದರೆ ಬೀರಯ್ಯ ಮೂರನೆಯ ಗಂಟೆಯಲ್ಲಿ ನಿಜವಾದ ವಿಮಾನಗಳನ್ನು ಕಾಯುತ್ತಾ ಕೂತಿರುತ್ತಾನೆ, ನನ್ನ ರುಜುವಿನ ಬಲದ ಮೇಲೆ.

ವರದಿಯನ್ನು ಹಿಂದಕ್ಕೆ ಪಡೆಯಬೇಕೆಂದು ಎರಡು ಸಾಲಿನ ಅರ್ಜಿ ಬರೆದಿದ್ದೇನೆ. ಹೊಸ ಪ್ರಯೋಗದಲ್ಲಿ ಸ್ವಿಚ್ಚು ಬೇರೆ ಕೋಣೆಯಲ್ಲಿರಬೇಕು, ಅದನ್ನು ಒಂದು ಗಡಿಯಾರ ಒತ್ತಬೇಕು, ನಾನು ಆ ಸುತ್ತಮುತ್ತಲೇ ಇರಬಾರದು. ಗುರುವಾರ ಬೆಂಗಳೂರಿಗೆ ಹೋಗುತ್ತೇನೆ.

ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಳೆ.

ನಿನ್ನ
ಪಂಕಜಾಕ್ಷಿ

ತಾ.ಕ.: ಮೊನ್ನೆ ಎಂದು ಬರೆದದ್ದು ಸುಳ್ಳು. ಬೀರಯ್ಯ ಹೇಳಿದ್ದು ದೀಪಾವಳಿಗೆ ಬರುವಾಗ. ವರದಿಗೆ ನಾನು ರುಜು ಹಾಕಿದ್ದು ಡಿಸೆಂಬರ್ ಹತ್ತರಂದು, ಎಲ್ಲ ಗೊತ್ತಿದ್ದೂ. ಗುರುವಾರ ಶಿವಮೂರ್ತಪ್ಪನವರಿಗೆ ಈ ಎರಡು ತಾರೀಖುಗಳನ್ನೂ ಹೇಳುವುದೆಂದು ಇದನ್ನು ಬರೆಯುತ್ತಿರುವಾಗ ತೀರ್ಮಾನಿಸಿದೆ. ಅರ್ಜಿಯಲ್ಲಿ ಅವು ಇನ್ನೂ ಇಲ್ಲ.