ಬದುಕಿದ್ದಾಗಲೇ ಕೋಟಾ ಬಿಡುವ ಬಗ್ಗೆ

ಮಾಜಿ ಸೈನಿಕರ ಕ್ಯಾಂಟೀನಿನ ಮಾನ್ಯ ಅಧಿಕಾರಿಗಳೇ,

ನನ್ನ ಕಾರ್ಡಿನಿಂದ ಮದ್ಯದ ಕೋಟಾವನ್ನು ತೆಗೆದುಹಾಕಿ ಎಂದು ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಕೋಟಾ ಹೆಚ್ಚಿಸಿ ಎನ್ನುವವರನ್ನೇ ಕಂಡಿರುವ ತಮಗೆ ನನಗೆಲ್ಲೋ ತಲೆ ಕೆಟ್ಟಿದೆ ಎನ್ನಿಸಿರಬೇಕು. ನಾನು ಕುಡಿತ ಬಿಟ್ಟು ಏಳು ತಿಂಗಳಾಯಿತು. ಬಾಟಲಿ ಹೇಗೋ ಹೋಯಿತು ಮಾನ್ಯರೇ, ಅದರ ಜಾಗದಲ್ಲಿ ಕರೆಯದೆ ಬಂದ ನೆಂಟರಂತೆ ಕೂತಿರುವ ಸಿಟ್ಟು, ಬೇಸರ, ನಾಚಿಕೆಗಳನ್ನು ಸಂಭಾಳಿಸುವುದೇ ಕಷ್ಟ. ಇಪ್ಪತ್ತೆಂಟು ವರ್ಷದ ಫೌಜಿನಲ್ಲಿ ಇದಕ್ಕೆ ಯಾರೂ ಕವಾಯತು ಮಾಡಿಸಿರಲಿಲ್ಲ.

ಆಪ್ತಸಮಾಲೋಚಕಿ ರತ್ನಪ್ರಭಾ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ಭಾವನೆ ಉಕ್ಕಿದಾಗ ಅದರ ಹೆಸರನ್ನು ಬಾಯಿಬಿಟ್ಟು ಹೇಳಿ, ಇಪ್ಪತ್ತು ನಿಮಿಷ ಕಾಯಬೇಕು. ಕಾಯುವುದಕ್ಕೆ ತಮ್ಮ ಕ್ಯಾಂಟೀನಿಗಿಂತ ಪ್ರಶಸ್ತವಾದ ಸ್ಥಳ ದೆಹಲಿಯ ಆಸುಪಾಸಿನಲ್ಲಿ ಇನ್ನೆಲ್ಲಿದೆ? ಮೂರನೆಯ ಅರ್ಜಿ ವಾಪಸಾದ ದಿನ ಕೌಂಟರಿನ ಮುಂದೆ ನಿಂತು, “ನನಗೀಗ ಸಿಟ್ಟು ಬಂದಿದೆ” ಎಂದು ಹಿಂದಿಯಲ್ಲಿ ಘೋಷಿಸಿದೆ. ತಮ್ಮ ಗುಮಾಸ್ತರು ತಲೆಯೆತ್ತದೆ, “ಅಚ್ಛಾ ಸಾಬ್, ಅದಕ್ಕೆ ಪಕ್ಕದ ಕಿಟಕಿ” ಎಂದರು. ಪಕ್ಕದ ಕಿಟಕಿಯವರು ನಿಯಮ ತೋರಿಸಿದರು: ಕೋಟಾ ರದ್ದಾಗಬೇಕಾದರೆ ಕಾರ್ಡುದಾರನ ಮರಣ ಪ್ರಮಾಣಪತ್ರ ಬೇಕಂತೆ.

ಬೇಡವಾದರೆ ಕೊಳ್ಳಬೇಡಿ, ಅಷ್ಟೇ ತಾನೆ ಎನ್ನುತ್ತೀರಿ. ಆದರೆ ತಿಂಗಳ ಕೊನೆಗೆ ‘ತಮ್ಮ ಕೋಟಾ ಉಳಿದಿದೆ’ ಎಂದು ಪ್ರೀತಿಯಿಂದ ಸಂದೇಶ ಕಳಿಸುವವರು ಯಾರು? ಅದರ ಬೆನ್ನಿಗೇ ದೆಹಲಿಯ ವಸಂತ್ ಕುಂಜಿನಿಂದ ಹೆಂಡತಿಯ ತಮ್ಮ ಮಾಚಯ್ಯನ ಫೋನು: “ಬಾವ, ನೀವು ಕುಡೀಬೇಡಿ. ನನಗೆ ತಂದ್ಕೊಡಿ, ಸುಮ್ನೆ ವೇಸ್ಟ್ ಯಾಕೆ?” ಬೆಕ್ಕಿನ ಕೈಯಲ್ಲಿ ಹಾಲು ತರಿಸುವ ಯೋಜನೆ ಅವನದು.

ಕಳೆದ ತಿಂಗಳು ಬೇಳೆ, ಸಾಬೂನು ಮಾತ್ರ ತಂದೆ. ಫರೀದಾಬಾದಿನ ನಮ್ಮ ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಕಾವೇರಮ್ಮ ಚೀಲ ತೆಗೆದುಕೊಂಡು ಮೆಲ್ಲಗೆ ಅಲುಗಿಸಿದಳು. ಗಾಜಿನ ಸದ್ದು ಬರಲಿಲ್ಲ. “ಬೇಳೆ ಚೆನ್ನಾಗಿದೆ ರೀ” ಎಂದಳು. ಪೊಟ್ಟಣವನ್ನು ಇನ್ನೂ ಚೀಲದಿಂದ ತೆಗೆದೇ ಇರಲಿಲ್ಲ. ನನಗೆ ಬಂದದ್ದು ಸಿಟ್ಟು ಎಂದುಕೊಂಡೆ. ಇಪ್ಪತ್ತು ನಿಮಿಷ ಕಾದ ಮೇಲೆ ಅದು ನಾಚಿಕೆ ಎಂದು ತಿಳಿಯಿತು. ಆ ಗಾಜಿನ ಸದ್ದಿಗೆ ಅವಳು ಮೂವತ್ತು ವರ್ಷ ಹೆದರಿದ್ದಾಳೆ.

ಆದ್ದರಿಂದ ತಮ್ಮ ನಮೂನೆಯಲ್ಲಿ ‘ಮರಣ’ದ ಕೆಳಗೆ ‘ಕುಡಿತ ಬಿಟ್ಟಿದ್ದಾರೆ’ ಎಂಬ ಇನ್ನೊಂದು ಸಾಲು ಸೇರಿಸಿ. ತಾವು ಕೇಳುವ ಆ ಪ್ರಮಾಣಪತ್ರ ಬೇಗ ಬರುವುದು ಬೇಡವೆಂದೇ ನಾನು ಬಿಟ್ಟದ್ದು. ಕಾವೇರಮ್ಮ ಒಂದು ಸಲವಾದರೂ ಚೀಲವನ್ನು ಅಲುಗಿಸದೆ ಒಳಗೆ ಒಯ್ಯಬೇಕು. ಅದನ್ನು ನೋಡುವುದಕ್ಕೆ ನಾನಿರಬೇಕು.

ಇಂತಿ,
ಇನ್ನೂ ಸಾಯದಿರುವ ತಪ್ಪಿಗೆ ವಿಷಾದಿಸುವ
ಕರುಂಬಯ್ಯ, ನಿವೃತ್ತ ಸುಬೇದಾರ್